ಗ್ರೈಂಡರ್ ಹಿಡಿದ ಕೈಗೆ ಒಂದಿಷ್ಟು ಬೈಗುಳ (ಆ ಕೈ ನಂದೇ)

ಇಲ್ಲಿ ಏನಾದ್ರೂ ಬರೆದು ಸುಮಾರು ದಿನ ಆಯ್ತು. ಆಫೀಸಿನ ರಿಲೀಸು, ರಾತ್ರಿ ಹನ್ನೊಂದರ ಕಾಲ್‌ಗಳು... ಬಿಡಿ, ನಿಮಗೂ ಅದೆಲ್ಲ ಇದ್ದಿದ್ದೇ. ಇವತ್ತು ಬರೀತಿರೋದು ಮಾತ್ರ ಸಿಟ್ಟಿಗೆ. ಅರ್ಧ ಸಿಟ್ಟು ನನ್ನ ಮೇಲೆ, ಇನ್ನರ್ಧ ನನಗೆ ಸಲಹೆ ಕೊಡ್ತಿರೋ ಊರಿನ ಮೇಲೆ.

ಗಂಗಾನಗರದ ನಮ್ಮ ಮನೆ ಮೆಟ್ಟಿಲ ಕೆಳಗೆ ಟಾರ್ಪಾಲ್ ಹೊದ್ದುಕೊಂಡು ಒಂದು ಯೆಜ್ಡಿ ನಿಂತಿದೆ. ತಾತ ತಗೊಂಡದ್ದು, ಆರ್‌ಸಿ ಪುಸ್ತಕದಲ್ಲಿ 1974 ಅಂತಿದೆ. ತಾತನ ನಂತರ ಅಪ್ಪ ಓಡಿಸಿದ್ರು. ನಾನು ಹುಟ್ಟಿದ ಮೇಲೆ ಆಸ್ಪತ್ರೆಯಿಂದ ಬಂದದ್ದು ಆಟೋದಲ್ಲಂತೆ, ಆದ್ರೆ ಮುಂದಿನ ಎಲ್ಲಾ ಲಸಿಕೆಗೂ ಹೋಗಿದ್ದು ಇದರ ಮೇಲೇ, ಹಿಂದಿನ ಸೀಟಲ್ಲಿ ಅಮ್ಮನ ತೊಡೆ ಮೇಲೆ ಕೂತು.

2017ರಲ್ಲಿ, ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ, ನಾನು ಅದನ್ನ ಕತ್ತರಿಸಿದೆ.

ನಾನಂದ್ರೆ, ನನ್ನ ದುಡ್ಡು ಮತ್ತು ಒಂದು ಗ್ಯಾರೇಜಿನವರ ಗ್ರೈಂಡರ್. ಆಗ ಎಲ್ಲರಿಗೂ 'ಬಾಬರ್' ಹುಚ್ಚು. ಒಂಟಿ ಸೀಟು, ದಪ್ಪ ಟೈರು, ಮಡ್‌ಗಾರ್ಡ್ ಇಲ್ಲದ ಬೋಳು ಹಿಂಭಾಗ. ಸೀಟಿನ ಕೆಳಗಿನ ಚಾಸಿ ಕೊಳವೆಗಳನ್ನ ಕುಯ್ದು, ಶಾಕ್ ಅಬ್ಸಾರ್ಬರ್ ಕೂರೋ ಜಾಗವನ್ನ ಮುಂದಕ್ಕೆ ಸರಿಸಿ ಬೆಸುಗೆ ಹಾಕಿದ್ರು. ಕಪ್ಪು ಬಣ್ಣ ಹೊಡೆದ್ರು. ಫೋಟೋ ಚೆನ್ನಾಗೇ ಬಂತು. ಅಪ್ಪ ಬೈಲಿಲ್ಲ. ಗಾಡಿ ಸುತ್ತ ಒಂದು ಸುತ್ತು ಬಂದು, "ನಿಮ್ಮಮ್ಮ ಎಲ್ಲಿ ಕೂರೋದು?" ಅಂತ ಕೇಳಿ ಒಳಗೆ ಹೋದ್ರು. ಅಷ್ಟೇ. ಆಮೇಲೆ ಅವರು ಅದನ್ನ ಒಂದು ದಿನವೂ ಸ್ಟಾರ್ಟ್ ಮಾಡಲಿಲ್ಲ.

ಎರಡು ವರ್ಷ ಓಡಿಸಿದೆ. ಒಂದು ಸಂಜೆ ಹೆಬ್ಬಾಳದ ಫ್ಲೈಓವರ್ ಮೇಲೆ ಹಿಂದಿನ ಚಕ್ರ ಈಜೋಕೆ ಶುರುವಾಯ್ತು. ಮನೆಗೆ ತಳ್ಳಿಕೊಂಡು ಬಂದು ನೋಡಿದ್ರೆ, ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು, ಅದರ ಉದ್ದಕ್ಕೂ ತುಕ್ಕಿನ ಗೆರೆ.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಸ್ವಾಮಿ. ಚಾಸಿ ಅಂದ್ರೆ ಎಂಜಿನ್ ನೇತುಹಾಕೋ ಗೂಟ ಅಲ್ಲ. ಹಿಂದಿನ ಗುಂಡಿಯ ಏಟು ಶಾಕ್ ಮೂಲಕ ಬಂದು ಆ ಹಿಂಭಾಗದ ಕೊಳವೆಗಳಲ್ಲಿ ಹಂಚಿಹೋಗ್ತಿತ್ತು. ನಾನು ಆ ತ್ರಿಕೋನವನ್ನೇ ಬಿಚ್ಚಿಹಾಕಿ, ಇಡೀ ಏಟು ಒಂದೇ ಬೆಸುಗೆ ಮೇಲೆ ಬೀಳೋ ಹಾಗೆ ಮಾಡಿದ್ದೆ. ಬೆಸುಗೆಯ ಬಿಸಿ ತಾಗಿದ ಅಕ್ಕಪಕ್ಕದ ಲೋಹದ ಗುಣವೇ ಬದಲಾಗಿರುತ್ತೆ, ಬಿರುಕು ಸಾಮಾನ್ಯವಾಗಿ ಹುಟ್ಟೋದು ಅಲ್ಲೇ. ಎರಡು ಚಕ್ರದ ಉದ್ದಕ್ಕೂ ದಾರ ಹಿಡಿದು ನೋಡಿದೆ, ಸಾಲೂ ತಪ್ಪಿತ್ತು. ದಾರ ಹಿಡಿಯೋಕೆ ಐದು ನಿಮಿಷ ಸಾಕು. ಕುಯ್ದ ದಿನ ಯಾರೂ ಹಿಡಿದಿರಲಿಲ್ಲ, ಇಂಜಿನಿಯರಿಂಗ್ ಓದ್ತಿದ್ದ ನಾನೂ ಹಿಡಿದಿರಲಿಲ್ಲ.

ಅಂದಿನಿಂದ ಗಾಡಿ ಟಾರ್ಪಾಲ್ ಕೆಳಗೆ. ಆರ್‌ಸಿ ನವೀಕರಣ ಹತ್ತಿರ ಬರ್ತಿದೆ, ಏನಾದ್ರೂ ತೀರ್ಮಾನ ಮಾಡಲೇಬೇಕು. ಕೇಳಿದ್ರೆ ಸಾಕು, ಸಲಹೆಗಳಿಗೇನು ಬರ ಇಲ್ಲ. ಒಂದೊಂದಾಗಿ ನೋಡೋಣ.

"ನಿನ್ನ ಗಾಡಿ, ನಿನ್ನಿಷ್ಟ. ಹಾಗೇ ಇರಲಿ ಬಿಡು." ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿ ಬಂದ ಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಕಾನೂನು ಬದಿಗಿಡಿ. ಬಿರುಕು ಬಿಟ್ಟ ಚಾಸಿ ಮೇಖ್ರಿ ಸರ್ಕಲ್‌ನಲ್ಲಿ ಎರಡಾದ್ರೆ, ಹಿಂದೆ ಸ್ಕೂಟಿಯಲ್ಲಿ ಬರ್ತಿರೋರಿಗೆ 'ನನ್ನಿಷ್ಟ'ದ ಸಂಬಂಧ ಏನು?

"ಗುಜರಿಗೆ ಹಾಕು." ಇದು ಅಪ್ಪನ ಸಲಹೆ, ಸಿಟ್ಟಿನದ್ದು, ಅದಕ್ಕೆ ವಾದ ಮಾಡಲ್ಲ. ಆದ್ರೆ ಬೇರೆಯವರು ಹೇಳಿದ್ರೆ ಮಾಡ್ತೀನಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ ಕೈಯಲ್ಲಿ ಉದ್ಘಾಟನೆ ಆಯ್ತು, 1996ರಲ್ಲಿ ಬಾಗಿಲು ಹಾಕ್ತು. ಜೆಕ್ ದೇಶದ ವಿನ್ಯಾಸ, ಇರಾನಿ ಕುಟುಂಬದ ಸಾಹಸ, ನಮ್ಮ ಮೈಸೂರಿನ ಕೈಗಳು. ಕಿಕ್ ಹೊಡೆದ ಲಿವರೇ ಮುಂದೆ ಬಗ್ಗಿ ಗೇರ್ ಆಗೋ ಗಾಡಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರೋ ಗಾಡಿ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದವು, ಸಂತೋಷ. ಆದ್ರೆ ಅವು ಬೇರೆಯೇ ಗಾಡಿಗಳು. ಮೈಸೂರಿನ ಆ ಚಾಸಿ ಇನ್ನೊಂದು ಹುಟ್ಟಲ್ಲ.

"ಪಬ್ಬಿನವರಿಗೆ ಕೊಡು, ಗೋಡೆಗೆ ನೇತುಹಾಕ್ತಾರೆ." ಅಜ್ಜನ ಹಲ್ಲುಸೆಟ್ಟನ್ನ ಷೋಕೇಸಲ್ಲಿ ಇಡೋಣ್ವಾ? :-)

ನನಗೆ ನಿಜವಾಗಿ ರಕ್ತ ಕುದಿಸಿದ್ದು ಕೊನೆಯ ಸಲಹೆ. ಒಬ್ಬ ದಲ್ಲಾಳಿ, ತುಂಬಾ ವಿನಯದಿಂದ, "ಸಾರ್, ಒಳ್ಳೇ ಚಾಸಿ ಒಂದಿದೆ, ಪೇಪರ್ ಇಲ್ಲ. ನಿಮ್ ನಂಬರ್ ಪಂಚ್ ಹೊಡೆಸಿಬಿಡೋಣ, ಯಾರಿಗೂ ಗೊತ್ತಾಗಲ್ಲ" ಅಂದ. ಇದನ್ನ ನನ್ನ ಮೂವರು ಗೆಳೆಯರು 'ಪ್ರಾಕ್ಟಿಕಲ್' ಅಂದ್ರು! ಪೇಪರ್ ಇಲ್ಲದ ಚಾಸಿ ಎಲ್ಲಿಂದ ಬಂತು? ಅದೂ ಯಾರದೋ ಮನೆ ಮೆಟ್ಟಿಲ ಕೆಳಗಿಂದ ಕಳುವಾಗಿದ್ದಿರಬಹುದು. ನನ್ನ ತಪ್ಪು ಮುಚ್ಚೋಕೆ ಬೇರೆಯವರ ತಾತನ ಗಾಡಿಯ ಗುರುತು ಅಳಿಸಬೇಕಾ? ಹಾಗೆ ಮಾಡಿದ ಮೇಲೆ ಅದು ತಾತನ ಯೆಜ್ಡಿ ಹೇಗಾಗುತ್ತೆ? ಬರೀ ತಾತನ ನಂಬರ್ ಇರೋ ಸುಳ್ಳು ಅಷ್ಟೇ. ಆಫೀಸಲ್ಲಿ ಯಾರಾದ್ರೂ ಬೇರೆಯವರ ಕೋಡ್ ಎತ್ತಿ ತಮ್ಮ ಹೆಸರು ಹಾಕಿದ್ರೆ ಕುಣಿದಾಡೋ ನಾವು, ಲೋಹದ ವಿಷಯಕ್ಕೆ ಬಂದ್ರೆ ಯಾಕೆ ಇಷ್ಟು ಸಲೀಸು?

ಈ ಸುಳ್ಳಿಗೆ ಈಗ ಒಂದು ಆಸೆಯೂ ಸೇರಿಕೊಂಡಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿದೆ. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ನಮ್ಮ ಯೆಜ್ಡಿಗೆ ಈಗ ಐವತ್ತು ದಾಟಿದೆ. ಸುಮ್ಮನೆ ಬಿಟ್ಟಿದ್ದಿದ್ರೆ ಇವತ್ತು ಎದೆಯುಬ್ಬಿಸಿ ಅರ್ಜಿ ಹಾಕಬಹುದಿತ್ತು. ಒಂದು ಮಧ್ಯಾಹ್ನದ ಗ್ರೈಂಡರ್ ಕೆಲಸ ಅದನ್ನ ತಿಂದುಹಾಕ್ತು.

ಹಾಗಂತ ನಾನು 'ಒಂದು ಸ್ಕ್ರೂ ಕೂಡ ಮೈಸೂರಿಂದೇ ಇರಬೇಕು' ಅನ್ನೋ ಮಡಿವಂತರ ಪಂಗಡಕ್ಕೆ ಸೇರಿಲ್ಲ. ಒಂದು ಗಾಡಿ 'ಪಕ್ಕಾ ಒರಿಜಿನಲ್' ಮಾಡೋಕೆ ಮೂರು ಗಾಡಿ ಬಿಚ್ಚೋರೂ ಅವರೇ. ನಮ್ಮ ಹಿರಿಯರು ಇದರಲ್ಲಿ ಹಾಲಿನ ಕ್ಯಾನ್ ಸಾಗಿಸಿದ್ರು, ಕೈಗೆ ಸಿಕ್ಕ ಬಲ್ಬ್ ಹಾಕಿದ್ರು. ತಪ್ಪೇನಿಲ್ಲ. ನನ್ನ ಗೆರೆ ಸರಳ: ಬೋಲ್ಟ್ ಬಿಚ್ಚಿದ್ರೆ ಮೊದಲಿನ ಹಾಗಾಗೋ ಕೆಲಸ ಬೇರೆ, ಗ್ರೈಂಡರ್ ಕೆಲಸ ಬೇರೆ. ಸ್ಟೀಲಿಗೆ ಅನ್‌ಡೂ ಇಲ್ಲ ಕಣ್ರೀ.

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ನಂಬರ್ ಇರೋ ಮುಂಭಾಗ ಸರಿಯಾಗಿದೆ, ಅದನ್ನ ಯಾರೂ ಮುಟ್ಟಲ್ಲ. ಅಪಘಾತದಲ್ಲಿ ಮುಂಭಾಗ ನುಗ್ಗಾಗಿ ಯಾವ ಕಾರಣಕ್ಕೂ ರಸ್ತೆಗೆ ಬರಲಾಗದ ಚಾಸಿಯನ್ನ ದಾಖಲೆ, ರಸೀದಿ ಸಮೇತ ಹುಡುಕಿ, ಅದರ ಹಿಂಭಾಗ ಮಾತ್ರ ಇದಕ್ಕೆ ಜೋಡಿಸೋದು. ಜಿಗ್‌ನಲ್ಲಿ ಕೂರಿಸಿ, ಅಳತೆ ಹಿಡಿದು, ಒಳಗೆ ತೋಳು ಕೊಟ್ಟು ಬೆಸೆಯೋ ಕೆಲಸಗಾರರ ಹತ್ತಿರ. ಆಮೇಲೆ ಆರ್‌ಟಿಒ ಕಚೇರಿಗೆ ಹೋಗಿ ಆದದ್ದನ್ನ ಆದ ಹಾಗೇ ಹೇಳಿ ಪರಿಶೀಲನೆಗೆ ಒಪ್ಪಿಸೋದು. ಆಗಲ್ಲ ಅಂದ್ರೆ ಗಾಡಿ ಮತ್ತೆ ಮೆಟ್ಟಿಲ ಕೆಳಗೇ, ರಸ್ತೆಗೆ ತರಲ್ಲ. ವಿಂಟೇಜ್ ಬಿರುದಿಗೆ ಅರ್ಜಿ ಹಾಕಲ್ಲ, ಆ ಹಕ್ಕು ನಾನೇ ಕಳೆದುಕೊಂಡದ್ದು. ಬೆಸುಗೆಯ ಗಾಯವನ್ನ ಪುಟ್ಟಿ ಹಾಕಿ ಮುಚ್ಚೋದೂ ಇಲ್ಲ. ನೋಡಿದವರು ಕೇಳಲಿ, ನಾನು ಹೇಳ್ತೀನಿ.

ಖರ್ಚು? ಕತ್ತರಿಸೋಕೆ ಕೊಟ್ಟದ್ದಕ್ಕಿಂತ ಬಹಳ ಜಾಸ್ತಿ. ಸಿಗೋದು? ಮಾರಿದ್ರೆ ಹೆಚ್ಚೇನೂ ಬರದ ಒಂದು ಗಾಡಿ.

ನಿನ್ನೆ ರಾತ್ರಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಪೇಪರ್‌ನಿಂದ ತಲೆ ಎತ್ತದೇ ಕೇಳಿಸಿಕೊಂಡು, "ಸೀಟು ಉದ್ದದ್ದೇ ಹಾಕ್ಸು" ಅಂದ್ರು.

ನಿಮ್ಮ ಮನೆ ಹಿತ್ತಲಲ್ಲೂ ಇಂಥದ್ದೊಂದು ನಿಂತಿದ್ರೆ, ಗ್ರೈಂಡರ್ ಹಿಡಿದವನು ಬರೋ ಮುಂಚೆ ಒಂದು ಸಲ ಹಿಂದಿನ ಸೀಟಲ್ಲಿ ಯಾರು ಕೂರ್ತಿದ್ರು ಅಂತ ನೆನಪು ಮಾಡಿಕೊಳ್ಳಿ. ಬೈಯೋದಿದ್ರೆ ಕೆಳಗೆ ಬೈಯಿರಿ, ಇವತ್ತು ಎಲ್ಲಾ ಬೈಗುಳಕ್ಕೂ ಸ್ವಾಗತ.