ರಾಗಿಯ ಜತೆ ಬಿಸಿಲು ಹೋಗಲಿಲ್ಲ

ಕಳೆದ ಯುಗಾದಿಯನ್ನು ನಾನು ಕಳೆದದ್ದು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ. ಮಗಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಹೋಗಿದ್ದೆ. ಅಲ್ಲಿಯ ಕನ್ನಡಿಗರು ಒಂದು ಬಾಡಿಗೆಯ ಸಭಾಂಗಣದಲ್ಲಿ ಸೇರಿ, ಒಣಗಿದ ಬೇವಿನೆಲೆಯನ್ನು ಹೇಗೋ ಸಂಪಾದಿಸಿ, ಬೆಲ್ಲದೊಡನೆ ಹಂಚಿದರು. ಊಟವಾದ ಮೇಲೆ ಒಂದು ಚರ್ಚಾಕೂಟ. ವಿಷಯ: ಪರದೇಶದಲ್ಲಿರುವ ಕನ್ನಡಿಗ ಏನನ್ನು ಉಣ್ಣಬೇಕು? ಹೊಟ್ಟೆ ತುಂಬ ಒಬ್ಬಟ್ಟು ಉಂಡವರು ಮಿತಾಹಾರದ ಮೇಲೆ ಮಾತಾಡುವುದು ಎಲ್ಲ ದೇಶಗಳಲ್ಲೂ ಇರುವ ಪದ್ಧತಿ, ಅದನ್ನು ಆಕ್ಷೇಪಿಸಲಾರೆ.

ಪಕ್ಷಗಳು ಎರಡೇ. ಒಂದು ಪಕ್ಷದವರು, ‘ನಮ್ಮ ತಾತ ಮುತ್ತಾತಂದಿರು ರಾಗಿ ಮುದ್ದೆ ಉಂಡು ನೂರು ವರ್ಷ ಗಟ್ಟಿಯಾಗಿದ್ದರು, ಎಲ್ಲಿದ್ದರೂ ಅದನ್ನೇ ಉಣ್ಣಿ, ಯಾವ ರೋಗವೂ ಸುಳಿಯದು’ ಎಂದರು. ಇನ್ನೊಂದು ಪಕ್ಷದವರು, ‘ಚಳಿಯ ದೇಶಕ್ಕೆ ಬಂದ ಮೇಲೆ ಚಳಿಯ ದೇಶದವರಂತೆ ಉಣ್ಣಬೇಕು, ಮುದ್ದೆ ಸಾರುಗಳ ಮೋಹ ಹಳ್ಳಿಗಾಡಿನ ರೋಗ’ ಎಂದರು. ಕೊನೆಗೆ ಅಧ್ಯಕ್ಷರು ನನ್ನ ಕಡೆ ತಿರುಗಿ, ‘ಪಿರಿಯಾಪಟ್ಟಣದಿಂದ ಬಂದ ಹಿರಿಯರು ಇದ್ದಾರೆ. ರಾಗಿಯ ಪರವಾಗಿ ಎರಡು ಮಾತು ಹೇಳಲಿ’ ಎಂದರು. ನಾನು ಎದ್ದೆ. ಎಲ್ಲರಿಗೂ ನಮಸ್ಕಾರ ಮಾಡಿದೆ. ‘ಊಟ ಚೆನ್ನಾಗಿತ್ತು’ ಎಂದಷ್ಟೇ ಹೇಳಿ ಕುಳಿತೆ. ಜನ ನಕ್ಕರು. ಅಂದು ಗಂಟಲಲ್ಲೇ ಉಳಿದ ಮಾತನ್ನು ಇಂದು ಬರೆಯುತ್ತಿದ್ದೇನೆ.

ಅಕ್ಟೋಬರಿನಲ್ಲಿ ನಾನೂ ನನ್ನ ಹೆಂಡತಿಯೂ ಹೊರಟಾಗ ನಮ್ಮ ಪೆಟ್ಟಿಗೆಯಲ್ಲಿ ಹತ್ತು ಸೇರು ರಾಗಿ ಹಿಟ್ಟು, ಎರಡು ಸೇರು ಹುರುಳಿಕಾಳು, ಮೊಮ್ಮಗಳಿಗೆಂದು ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದ ರಾಗಿ ಸರಿಯ ಪುಡಿ ಇದ್ದವು. ಮಗುವಿಗೆ ಆಗ ಹತ್ತು ತಿಂಗಳು. ಹೋದ ಮರುದಿನವೇ ನೋಡಿದೆ: ಮಗಳು ಒಂದು ಸೀಸೆಯಿಂದ ಏನನ್ನೋ ಹನಿಸಿ ಮಗುವಿನ ಬಾಯಿಗೆ ಹಾಕುತ್ತಿದ್ದಳು.

‘ಏನವ್ವ ಅದು?’

‘ವಿಟಮಿನ್ ಡಿ ಅಪ್ಪ. ಇಲ್ಲಿ ಎಲ್ಲ ಮಕ್ಕಳಿಗೂ ದಿನಾ ಹಾಕಬೇಕಂತೆ.’

‘ಬಿಡವ್ವ, ನಿನಗೆ ಯಾರು ಹಾಕಿದ್ದರು ಹನಿ? ರಾಗಿ ಸರಿ ತಂದಿದ್ದೀವಲ್ಲ. ಎಲುಬಿಗೆ ಅದಕ್ಕಿಂತ ಇನ್ನೇನು ಬೇಕು?’

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಗಂಟಲು ನನ್ನದು. ಸಂದೇಹಕ್ಕೆ ಅದರಲ್ಲಿ ಜಾಗ ಕಡಮೆ. ಮಗಳು ಅಪ್ಪನ ಮಾತಿಗೆ ಬೆಲೆ ಕೊಟ್ಟಳು. ಸೀಸೆ ಕಪಾಟಿನ ಮೇಲಿನ ಹಲಗೆಗೆ ಹೋಯಿತು.

ಚಳಿಗಾಲ ಕಳೆಯಿತು. ಹದಿನೈದು ತಿಂಗಳಾದರೂ ಮಗು ಹೆಜ್ಜೆ ಇಡಲಿಲ್ಲ, ನಿಲ್ಲಿಸಿದರೆ ಅಳುತ್ತಿತ್ತು, ಮಣಿಕಟ್ಟು ದಪ್ಪಗಾದಂತೆ ಕಂಡಿತು. ವೈದ್ಯರು ರಕ್ತ ತೆಗೆದು ನೋಡಿದರು. ರಿಕೆಟ್ಸ್ ಎಂಬ, ಎಲುಬು ಮೆತ್ತಗಾಗುವ ರೋಗದ ಆರಂಭ. ಸಮಯಕ್ಕೆ ಸರಿಯಾಗಿ ಬಂದಿದ್ದೀರಿ, ವಾಸಿಯಾಗುತ್ತದೆ ಎಂದರು. ಇದು ನಡೆದದ್ದು ಯುಗಾದಿಗೆ ಹದಿನೈದು ದಿನ ಮುಂಚೆ. ರಾಗಿಯ ಪರವಾಗಿ ಸಾಕ್ಷಿ ಹೇಳಲು ಎದ್ದವನ ಬಾಯಿ ಏಕೆ ಕಟ್ಟಿತು ಎಂಬುದನ್ನು ವಾಚಕರು ಈಗ ತಿಳಿದಿರಬಹುದು.

ರಾಗಿ ಸುಳ್ಳು ಹೇಳಿತೆ? ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಮುಟ್ಟುವುದೇ ಕಷ್ಟ. ಆದರೆ ತಿಂದ ಸುಣ್ಣ ಕರುಳಿನಿಂದ ರಕ್ತಕ್ಕೆ ಚೆನ್ನಾಗಿ ಏರಬೇಕಾದರೆ ವಿಟಮಿನ್ ಡಿ ಬೇಕು. ಅದು ರಾಗಿಯಲ್ಲಿಲ್ಲ, ಬಿಸಿಲು ಚರ್ಮಕ್ಕೆ ಬಿದ್ದಾಗ ಮೈಯಲ್ಲೇ ಹುಟ್ಟುತ್ತದೆ. ಹನ್ನೆರಡು ಡಿಗ್ರಿ ಅಕ್ಷಾಂಶದ ಹುಣಸೂರಿನಲ್ಲಿ ಮಗುವಿಗೆ ಎಣ್ಣೆ ಹಚ್ಚಿ ಜಗಲಿಯ ಬಿಸಿಲಿಗೆ ಮಲಗಿಸಿದರೆ ಆ ಕೆಲಸ ಬಹುಮಟ್ಟಿಗೆ ಪುಕ್ಕಟೆಯಾಗಿ ನಡೆಯುತ್ತದೆ. ಐವತ್ತನಾಲ್ಕು ಡಿಗ್ರಿಯ ಲೀಡ್ಸ್‌ನಲ್ಲಿ ಅಕ್ಟೋಬರಿನಿಂದ ಮಾರ್ಚ್ ಕಳೆಯುವವರೆಗೆ ಸೂರ್ಯ ಮೂಡಿದರೂ ಅವನ ಕಿರಣಕ್ಕೆ ಆ ಶಕ್ತಿಯಿಲ್ಲ; ನಮ್ಮಂಥ ಕಪ್ಪು ಚರ್ಮದವರಿಗೆ ಬೇಸಗೆಯ ಬಿಸಿಲೂ ಅನೇಕ ವೇಳೆ ಸಾಲದು. ಅಲ್ಲಿಯ ಸರ್ಕಾರ ಒಂದರಿಂದ ನಾಲ್ಕು ವಯಸ್ಸಿನ ಮಕ್ಕಳಿಗೆ ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ಕೊಡಿ ಎಂದು ಹೇಳುವುದೂ, ಎದೆಹಾಲಿನ ಕೂಸಿಗೆ ಹುಟ್ಟಿದಂದಿನಿಂದಲೇ ಹನಿ ಹಾಕಿಸುವುದೂ ಸುಮ್ಮನೆ ಅಲ್ಲ. 1962ರಲ್ಲಿಯೇ ಗ್ಲಾಸ್ಗೋ ನಗರದಲ್ಲಿ ಡನ್ನಿಗನ್ ಮೊದಲಾದ ವೈದ್ಯರು ವಲಸೆ ಬಂದ ಪಾಕಿಸ್ತಾನೀ ಕುಟುಂಬಗಳಲ್ಲಿ ಈ ರೋಗವನ್ನು ಗುರುತಿಸಿ ಬರೆದಿದ್ದರು. ಅರವತ್ತು ವರ್ಷದ ಹಿಂದೆ ಪರರು ಕಲಿತ ಪಾಠವನ್ನು ನಾನು ಮೊಮ್ಮಗಳ ಕಾಲಿನ ಮೇಲೆ ಕಲಿತೆ.

ಪೆಟ್ಟಿಗೆಯಲ್ಲಿ ರಾಗಿಯನ್ನು ಕಟ್ಟಿಕೊಂಡು ಹೋದೆ. ಬಿಸಿಲನ್ನು ಕಟ್ಟಿಕೊಂಡು ಹೋಗಲಿಲ್ಲ. ನನ್ನ ವಾದವೆಲ್ಲ ಇಷ್ಟೇ. ಊಟವೆಂಬುದು ತಟ್ಟೆಯಲ್ಲಿ ಇರುವುದಷ್ಟೇ ಅಲ್ಲ. ಅದರ ಹಿಂದೆ ಒಂದು ಬಿಸಿಲಿದೆ, ಒಂದು ದುಡಿಮೆ ಇದೆ. ಇವನ್ನು ಊರಲ್ಲೇ ಬಿಟ್ಟು ತಟ್ಟೆಯನ್ನು ಮಾತ್ರ ವಿಮಾನ ಹತ್ತಿಸಿ, ‘ನಮ್ಮ ಪೂರ್ವಿಕರ ಆರೋಗ್ಯವನ್ನು ತಂದಿದ್ದೇವೆ’ ಎನ್ನುವುದು ಭ್ರಮೆ.

ದುಡಿಮೆಯ ಮಾತಿಗೆ ಬರೋಣ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆಯನ್ನು ಆ ಸಭೆಯಲ್ಲಿ ಮೂರು ಜನ ಹೇಳಿದರು. ಗಾದೆ ನಿಜ. ಆದರೆ ಅದರಲ್ಲಿ ಎರಡು ಕ್ರಿಯೆಗಳಿವೆ: ತಿನ್ನುವುದು, ಕೀಳುವುದು. ನಮ್ಮಪ್ಪ ಕೋಳಿ ಕೂಗುವ ಹೊತ್ತಿಗೆ ನೇಗಿಲು ಹೂಡಿ, ಹೊತ್ತು ನೆತ್ತಿಗೆ ಬಂದಾಗ ಎರಡು ಮುದ್ದೆ ಉಪ್ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ನಮ್ಮ ಮಕ್ಕಳು ಗಣಕಯಂತ್ರದ ಮುಂದೆ ಹತ್ತು ಗಂಟೆ ಕುಳಿತು ಅದೇ ಎರಡು ಮುದ್ದೆ, ಮೇಲೆ ಅನ್ನ, ಅದರ ಮೇಲೆ ಹಪ್ಪಳ ಉಣ್ಣುತ್ತಾರೆ. ಬೆಟ್ಟ ಕೀಳುವುದಿರಲಿ, ಕೂತ ಕುರ್ಚಿಯನ್ನೂ ಸರಿಸುವುದಿಲ್ಲ. ರಾಗಿಯಲ್ಲಿ ನಾರು ಹೆಚ್ಚು ಎಂಬುದು ಸರಿ; ಆದರೆ ಅದರಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಸಕ್ಕರೆ ಕಾಯಿಲೆಗೆ ಅದು ಔಷಧ ಎಂದು ನಂಬಿ ಅಳತೆ ಮೀರಿ ಉಂಡವರ ಸಕ್ಕರೆ ಏರುವುದನ್ನು ನಾನು ಪಿರಿಯಾಪಟ್ಟಣದಲ್ಲೇ ನೋಡಿದ್ದೇನೆ.

ಹಾಗಾದರೆ ಎರಡನೆಯ ಪಕ್ಷದವರು ಗೆದ್ದರೆ? ಅದೂ ಇಲ್ಲ. ‘ಆ ದೇಶದವರಂತೆ ಉಣ್ಣಿ’ ಎಂದ ಮಹಾಶಯರ ಮನೆಯಲ್ಲಿ ನಾನು ಎರಡು ದಿನ ಅತಿಥಿಯಾಗಿದ್ದೆ. ಬೆಳಿಗ್ಗೆ ಸಕ್ಕರೆ ಲೇಪಿಸಿದ ಜೋಳದ ಚಕ್ಕೆ, ಮಧ್ಯಾಹ್ನ ಬಿಳಿ ಬ್ರೆಡ್ಡು, ಸಂಜೆ ಪೊಟ್ಟಣದ ಆಲೂ ಚಿಪ್ಸು. ಇದು ಯಾವ ದೇಶದ ಊಟ? ಇಂಗ್ಲೆಂಡಿನ ವೈದ್ಯರೇ ತಮ್ಮ ಜನಕ್ಕೆ ಬೇಡವೆನ್ನುವ ಊಟ ಅದು. ಪರದೇಶದಿಂದ ಕಲಿಯುವುದೆಂದರೆ ಅಲ್ಲಿಯ ಅಂಗಡಿಯಿಂದ ಕಲಿಯುವುದಲ್ಲ. 1888ರಲ್ಲಿ ಲಂಡನ್ನಿಗೆ ಹೋದ ಗಾಂಧಿ ತಾಯಿಗೆ ಕೊಟ್ಟ ಮಾತನ್ನು ಬಿಡಲಿಲ್ಲ; ಆದರೆ ಮನೆಯಿಂದ ತರಿಸಿಕೊಂಡಿದ್ದ ಸಿಹಿತಿಂಡಿ ಮಸಾಲೆಗಳನ್ನು ಬಿಟ್ಟರು, ಸಪ್ಪೆ ಬೇಯಿಸಿದ ಸೊಪ್ಪಿನಲ್ಲಿ ರುಚಿ ಕಂಡರು. ವ್ರತ ಉಳಿಯಿತು, ಚಪಲ ಹೋಯಿತು. ನಮ್ಮವರಲ್ಲಿ ಅನೇಕರದು ಇದಕ್ಕೆ ತಿರುಗುಮುರುಗು.

ಪರದೇಶದಲ್ಲಿ ಉಣ್ಣುವುದು ಹೇಗೆಂದು ಕೇಳಬೇಕಾದರೆ ಲೀಡ್ಸ್‌ವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಆರಂಭವಾಯಿತು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಆಯಿತು. ಲ್ಹಾಸಾ ನಗರ ಸುಮಾರು 3650 ಮೀಟರ್ ಎತ್ತರದಲ್ಲಿದೆ. ಬೈಲಕುಪ್ಪೆ ಅದರ ಕಾಲುಭಾಗದ ಎತ್ತರಕ್ಕೂ ಬಾರದು. ಹುರಿದ ಬಾರ್ಲಿಯ ಹಿಟ್ಟು, ಉಪ್ಪು ಬೆಣ್ಣೆ ಕಡೆದ ಚಹಾ ಅವರ ಆಹಾರ. ಅದು ಮೈ ಕೊರೆಯುವ ಚಳಿಗೆ ಹುಟ್ಟಿದ್ದು. ಇಲ್ಲಿ ಕಾಡು ಕಡಿದು ಹೊಲ ಮಾಡಿದಾಗ ಬಂದ ಬೆಳೆ ಮುಸುಕಿನ ಜೋಳ. ಚಮರೀಮೃಗದ ಬೆಣ್ಣೆ ಎಲ್ಲಿಂದ ಬಂದೀತು? ಅವರು ಕೆಲವನ್ನು ಬಿಟ್ಟರು, ಕೆಲವನ್ನು ಉಳಿಸಿಕೊಂಡರು, ನಮ್ಮ ಸಂತೆಯ ತರಕಾರಿ ಕೊಂಡರು. ಇಂದು ನಮ್ಮ ಹುಡುಗರೇ ಅಲ್ಲಿಗೆ ಹೋಗಿ ಮೊಮೊ ತಿಂದು ಬರುತ್ತಾರೆ. ಊಟ ಬದಲಾದುದರಿಂದ ಅವರ ಧರ್ಮವೂ ಭಾಷೆಯೂ ಕರಗಿ ಹೋಗಲಿಲ್ಲ.

ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಇನ್ನೊಂದು ಬಗೆಯ ಪರದೇಶವಾಸಿಗಳಿದ್ದಾರೆ. ಕಾಡಿನ ಗೆಣಸು, ಸೊಪ್ಪು, ಕಳಲೆ, ಜೇನು ತಿಂದು ಬಾಳಿದ ಜೇನುಕುರುಬರು ಕಾಡಿನಿಂದ ಹೊರಗೆ ಬಂದು ಪಡಿತರದ ಅಕ್ಕಿ ಉಣ್ಣುತ್ತಿದ್ದಾರೆ. ನಾಲ್ಕು ಹರದಾರಿ ದೂರ ಬಂದದ್ದಕ್ಕೆ ಅವರ ತಟ್ಟೆ ಬದಲಾಯಿತು. ಲೀಡ್ಸ್‌ನ ಸಭೆಯಲ್ಲಿ ‘ಪೂರ್ವಿಕರ ಆಹಾರ’ದ ಬಗ್ಗೆ ಕಣ್ಣು ತುಂಬಿಕೊಂಡವರು ಯಾರೂ ಇವರ ಹೆಸರು ಎತ್ತಲಿಲ್ಲ.

‘ನಮ್ಮದು’ ಎಂಬ ಮಾತಿನ ಬಗ್ಗೆಯೂ ಒಂದಿಷ್ಟು ಹೇಳಬೇಕು. ರಾಗಿ ಪೂರ್ವ ಆಫ್ರಿಕದ ಬೆಟ್ಟಗಳಿಂದ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದ ಧಾನ್ಯ. ರಾಗಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಗೂ ನಮ್ಮ ತಳಿಗೂ ಸಂಬಂಧ ಬೆಸೆದು ‘ಇಂಡಾಫ್’ ತಳಿಗಳನ್ನು ಕೊಟ್ಟದ್ದರಿಂದ ನಮ್ಮ ಕಣಗಳಲ್ಲಿ ರಾಶಿ ಏರಿತು. ಉಪ್ಸಾರಿನ ಖಾರಕ್ಕೆ ಅರೆಯುವ ಮೆಣಸಿನಕಾಯಿ ಅಮೆರಿಕದ್ದು. ನಮ್ಮ ಮುದ್ದೆ ಊಟವೇ ಎರಡು ಖಂಡಗಳಿಂದ ವಲಸೆ ಬಂದದ್ದು! ಇನ್ನು ನಾವು ಪರದೇಶದವರ ಬಾಯಿಗೆ ಕಳುಹಿಸುತ್ತಿರುವುದೇನು? ಕೆ.ಆರ್. ನಗರ ಹೆಚ್ಚಾಗಿ ಭತ್ತದ ನಾಡು, ಅದಿರಲಿ. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳಲ್ಲಿ ಹರಾಜು ಕಟ್ಟೆ ಏರಿ ಹಡಗು ಹತ್ತುವುದು ರಾಗಿಯಲ್ಲ, ವರ್ಜೀನಿಯಾ ಹೊಗೆಸೊಪ್ಪು. 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಜಗತ್ತು ಆಚರಿಸಿದಾಗಲೂ ನಮ್ಮ ಬ್ಯಾರನ್‌ಗಳ ಬೆಂಕಿ ಆರಲಿಲ್ಲ. ರೈತನನ್ನು ನಾನು ದೂರುವುದಿಲ್ಲ. ರಾಗಿಗೆ ಆ ಬೆಲೆ ಸಿಕ್ಕಿದ್ದರೆ ಅವನು ಅದನ್ನೇ ನೆಚ್ಚುತ್ತಿದ್ದ. ಆದರೆ ಜಗತ್ತಿಗೆ ಹೊಗೆಯನ್ನು ಮಾರುತ್ತ ಆರೋಗ್ಯದ ಗುರುಪೀಠ ಏರುವ ಮುನ್ನ ನಾವು ಒಂದು ಗಳಿಗೆ ನಾಚಬೇಡವೆ?

‘ಹಾಗಾದರೆ ಅಜ್ಜಿಯರ ತಿಳಿವಳಿಕೆಗೆ ಬೆಲೆಯೇ ಇಲ್ಲವೆ?’ ಎಂದು ಕೇಳುವವರಿದ್ದಾರೆ. ಇದೆ, ನಾನು ಕೊಟ್ಟದ್ದಕ್ಕಿಂತ ಹೆಚ್ಚಿದೆ. ಸರಿಗೆ ರಾಗಿಯನ್ನು ಮೊಳಕೆ ಕಟ್ಟಬೇಕೆಂದು ಅವರು ಕಂಡುಕೊಂಡಿದ್ದರು. ಮೊಳಕೆ ಬಂದಾಗ, ಸುಣ್ಣ ಕಬ್ಬಿಣಗಳನ್ನು ಹಿಡಿದಿಡುವ ಅಂಶ ತಗ್ಗುತ್ತದೆಂದು ವಿಜ್ಞಾನ ಆಮೇಲೆ ಹೇಳಿತು. ಕೂಸನ್ನು ಬಿಸಿಲಿಗೆ ಮಲಗಿಸಿದವರೂ ಅವರೇ. ಅಜ್ಜಿಯರು ಎರಡು ಕೆಲಸ ಮಾಡುತ್ತಿದ್ದರು. ನಾನು ಒಂದನ್ನು ನೆನಪಿಟ್ಟುಕೊಂಡು ಇನ್ನೊಂದನ್ನು ಮರೆತೆ. ತಪ್ಪು ಅಜ್ಜಿಯದಲ್ಲ, ಅಜ್ಜಿಯ ಹೆಸರು ಹೇಳಿಕೊಂಡು ಓಡಾಡುವ ನನ್ನಂಥ ತಾತಂದಿರದು.

ಪರದೇಶಕ್ಕೆ ಮಕ್ಕಳನ್ನು ನೋಡಲು ಹೊರಟಿರುವ ನನ್ನ ವಯಸ್ಸಿನವರಲ್ಲಿ ಒಂದು ಬೇಡಿಕೆ. ರಾಗಿ ಹಿಟ್ಟನ್ನು ಖಂಡಿತ ಒಯ್ಯಿರಿ. ಮುದ್ದೆ ಕೋಲನ್ನೂ ಒಯ್ಯಿರಿ. ಆದರೆ ಅಲ್ಲಿಯ ವೈದ್ಯರು ಕೊಟ್ಟ ಸೀಸೆಯನ್ನು ಮೇಲಿನ ಹಲಗೆಗೆ ಏರಿಸಬೇಡಿ.

ಹೋದ ಭಾನುವಾರ ಮಗಳು ದೂರವಾಣಿಯಲ್ಲಿ ಮೊಮ್ಮಗಳನ್ನು ತೋರಿಸಿದಳು. ಕುರ್ಚಿ ಹಿಡಿದು ನಿಂತಿದ್ದವಳು ಕೈಬಿಟ್ಟು ಮೂರು ಹೆಜ್ಜೆ ಇಟ್ಟಳು, ನಾಲ್ಕನೆಯದಕ್ಕೆ ಕುಸಿದು ಕುಳಿತಳು, ನಕ್ಕಳು. ‘ನೋಡಪ್ಪ, ಈಗ ಸರಿಯನ್ನೂ ತಿನ್ನುತ್ತಾಳೆ, ಹನಿಯನ್ನೂ ಕುಡಿಯುತ್ತಾಳೆ’ ಎಂದಳು ಮಗಳು. ನನ್ನನ್ನು ಆಡಿಕೊಳ್ಳಲು ಹೇಳಿದ ಮಾತಲ್ಲ. ಆದರೂ ನಾನು ಬಹಳ ಹೊತ್ತು ಉತ್ತರ ಕೊಡಲಿಲ್ಲ.