ಮಾದಕ ವ್ಯಸನ: ಮರ್ಯಾದೆಯ ಅಂಜಿಕೆಯಲ್ಲಿ ಮುಚ್ಚಿಹೋಗುವ ಮುನ್ಸೂಚನೆ

ಬೆಂಗಳೂರು: ಕನ್ನಡ ಚಿತ್ರರಂಗಕ್ಕೆ ತಳಕು ಹಾಕಿಕೊಂಡ ಡ್ರಗ್ಸ್ ಪ್ರಕರಣ 2020ರಲ್ಲಿ ರಾಜ್ಯದಾದ್ಯಂತ ಭಾರೀ ಸದ್ದು ಮಾಡಿತು. ತಾರೆಯರ ವಿಚಾರಣೆ, ಬಂಧನದ ಗದ್ದಲದಲ್ಲಿ ಹದಿಹರೆಯದವರ ಪ್ರಶ್ನೆ ಬದಿಗೆ ಸರಿಯಿತು. ಮಕ್ಕಳ ಕೈಗೆ ಸುಲಭವಾಗಿ ಎಟಕುವ ಅಮಲು ಐಷಾರಾಮಿ ಪಾರ್ಟಿಗಳಲ್ಲಿಲ್ಲ. ಥಿನ್ನರ್, ಅಂಟು, ಪಂಕ್ಚರ್ ಸಲ್ಯೂಷನ್‌ಗಳಂಥ ಸಾಮಾನ್ಯ ವಸ್ತುಗಳಲ್ಲಿದೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ಮೂಸಿ ಅಮಲೇರಿಸಿಕೊಳ್ಳುವ ವಸ್ತುಗಳನ್ನು ಬಳಸುವವರು ವಯಸ್ಕರಲ್ಲಿ ಶೇ 0.58ರಷ್ಟಿದ್ದರೆ, 10ರಿಂದ 17 ವರ್ಷದವರಲ್ಲಿ ಶೇ 1.17ರಷ್ಟು. ಇವುಗಳ ಚಟದಿಂದ ಹೊರಬರಲು ನೆರವು ಬೇಕಾದ ಮಕ್ಕಳ ಸಂಖ್ಯೆ ಸುಮಾರು 4.6 ಲಕ್ಷ. ಈ ರಾಸಾಯನಿಕಗಳು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲವು. ಹಾಗಾಗಿ ಮೊದಲ ಸಲದ ಸೇವನೆಯೇ ಸಾವಿಗೆ ಕಾರಣವಾಗುವ ಅಪಾಯವಿದೆ.

ಮುನ್ಸೂಚನೆಗಳು ಮೊದಲು ಕಾಣುವುದು ಮನೆಯಲ್ಲಿ. ಬಟ್ಟೆಯಲ್ಲಿ ರಾಸಾಯನಿಕದ ವಾಸನೆ, ಮೂಗು–ಬಾಯಿಯ ಸುತ್ತ ಗುಳ್ಳೆ, ಕೆಂಪಾದ ಕಣ್ಣು, ತೊದಲುವ ಮಾತು, ಬ್ಯಾಗಿನಲ್ಲಿ ಕಲೆಯಾದ ಕರವಸ್ತ್ರ. ಜೊತೆಗೆ ನಿದ್ದೆ, ಹಸಿವಿನಲ್ಲಿ ಏರುಪೇರು, ದಿಢೀರ್ ಕುಸಿಯುವ ಅಂಕ, ಹಳೆಯ ಗೆಳೆಯರಿಂದ ದೂರ, ಲೆಕ್ಕಕ್ಕೆ ಸಿಗದ ಹಣ. ಸಿಡುಕು, ಏಕಾಂತದ ಬಯಕೆ ಹರೆಯದ ಸಹಜ ಗುಣಗಳೂ ಹೌದು. ಪರೀಕ್ಷೆಯ ಒತ್ತಡ ಅಥವಾ ಖಿನ್ನತೆಯಿಂದಲೂ ಬರಬಹುದು. ಒಂದೇ ಲಕ್ಷಣ ಹಿಡಿದು ಮಗುವನ್ನು ಅಪರಾಧಿಯಾಗಿಸುವುದು ತರವಲ್ಲ. ಹಲವು ಬದಲಾವಣೆಗಳು ಒಟ್ಟಿಗೆ ಕಂಡು, ವಾರಗಟ್ಟಲೆ ಮುಂದುವರಿದರೆ ಮಾತ್ರ ಕಡೆಗಣಿಸಬಾರದು.

ಆದರೆ ಗೊತ್ತಾದ ಮೇಲೂ ಅನೇಕ ಪೋಷಕರು ಬಾಯಿ ಬಿಡುವುದಿಲ್ಲ. ನೆರೆಹೊರೆಯವರು ಏನೆಂದಾರು, ಪೊಲೀಸರು ಬಂದಾರೆ ಎಂಬ ಭಯವೇ ಚಿಕಿತ್ಸೆಯನ್ನು ತಡಮಾಡುತ್ತದೆ. ವಾಸ್ತವದಲ್ಲಿ ಕಾನೂನು ವ್ಯಸನಿಯ ಪರವಾಗಿಯೂ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಡಿ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುವ ವ್ಯಸನಿಯು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಸ್ವಯಂಪ್ರೇರಿತನಾಗಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಉಂಟು. ಚಿಕಿತ್ಸೆ ಪೂರ್ಣಗೊಳಿಸಬೇಕೆಂಬುದು ಷರತ್ತು. ಅತ್ತ, ಮಕ್ಕಳಿಗೆ ಮಾದಕ ವಸ್ತು, ಮದ್ಯ, ತಂಬಾಕು ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆ 7 ವರ್ಷದವರೆಗೆ ಕಠಿಣ ಶಿಕ್ಷೆ ವಿಧಿಸುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಉಚಿತ ಸಲಹೆ ಲಭ್ಯ. ಆದರೆ ಮೊದಲ ಹೆಜ್ಜೆ ಮನೆಯದೇ. ಅಮಲಿನಲ್ಲಿರುವಾಗ ಗದರದೆ, ಮರುದಿನ ಪಕ್ಕದಲ್ಲಿ ಕುಳಿತು ಕೇಳುವ ತಾಳ್ಮೆ ತಂದೆತಾಯಿಗೆ ಬೇಕು. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಅದರ ಬೆಲೆ ತೆರುವುದು ಮಗು.