ಟೆಕ್ಸಾಸ್ ನರ್ಸ್ ಬರಹ – 14: ನಿಮ್ಮ ಮಕ್ಕಳಿಗೆ ಸ್ಕೂಲಲ್ಲಿ ಸಿಪಿಆರ್ ಕಲಿಸಿದ್ದಾರಾ?

ಇವತ್ತು ಆಸ್ಪತ್ರೆ ಬಿಟ್ಟು ಸ್ಕೂಲ್ ವಿಷಯ ಬರೀತಿದ್ದೀನಿ.

ಅಮೆರಿಕದಲ್ಲಿ ಪಬ್ಲಿಕ್ ಸ್ಕೂಲ್‌ಗಳು ಏನು ಕಲಿಸಬೇಕು ಅಂತ ಹೇಳೋದು ವಾಷಿಂಗ್ಟನ್ ಅಲ್ಲ, ಆಯಾ ರಾಜ್ಯದ ಕಾನೂನು. ನಮ್ಮ ಟೆಕ್ಸಾಸ್ ಪಟ್ಟಿಯಲ್ಲಿ ಗಣಿತ, ವಿಜ್ಞಾನ, ಟೆಕ್ಸಾಸ್ ಇತಿಹಾಸ ಇರೋದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದೂ ಕೆಲವು ಇವೆ. ಪೊಲೀಸರು ಕಾರು ನಿಲ್ಲಿಸಿದರೆ ಹೇಗೆ ನಡ್ಕೋಬೇಕು ಅಂತ ಹೈಸ್ಕೂಲ್ ಮಕ್ಕಳಿಗೆ ಹೇಳಿಕೊಡಬೇಕು. ಅದು 2017ರ ಕಾನೂನು. 7ರಿಂದ 12ನೇ ಗ್ರೇಡ್ ಒಳಗೆ ಒಂದು ಸಲವಾದರೂ ಸಿಪಿಆರ್ ಕಲಿಸಲೇಬೇಕು, ಅದು 2013ರದ್ದು.

ನಮ್ಮವರು ನಾಲ್ಕು ಜನ ಸೇರಿದರೆ ಎಸ್‌ಎಟಿ ಸ್ಕೋರ್, ಎಪಿ ಕ್ಲಾಸ್, ರೋಬೋಟಿಕ್ಸ್ ಮಾತು ಬಂದೇ ಬರುತ್ತೆ. "ನಿಮ್ಮ ಮಗನಿಗೆ ಸಿಪಿಆರ್ ಕಲಿಸಿದ್ರಾ?" ಅಂತ ಕೇಳಿದವರನ್ನ ನಾನಿನ್ನೂ ನೋಡಿಲ್ಲ. "ಗ್ರೇಡ್ ಇಲ್ಲದ ಪಾಠ, ಟೈಮ್ ವೇಸ್ಟ್" ಅಂದವರನ್ನ ಮಾತ್ರ ನೋಡಿದ್ದೀನಿ.

ಈ ಮಾತನ್ನ ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ.

ಹಾರ್ಟ್ ಅಟ್ಯಾಕ್ ಬೇರೆ, ಕಾರ್ಡಿಯಾಕ್ ಅರೆಸ್ಟ್ ಬೇರೆ. ಮೊದಲನೆಯದರಲ್ಲಿ ಹೃದಯಕ್ಕೆ ರಕ್ತ ಹೋಗೋ ದಾರಿ ಕಟ್ಟಿಕೊಳ್ಳುತ್ತೆ, ಸಾಮಾನ್ಯವಾಗಿ ಮನುಷ್ಯನಿಗೆ ಎಚ್ಚರ ಇರುತ್ತೆ. ಎರಡನೆಯದರಲ್ಲಿ ಹೃದಯದ ಬಡಿತವೇ ನಿಲ್ಲುತ್ತೆ, ಕುಸಿದು ಬೀಳ್ತಾರೆ. ಈ ದೇಶದಲ್ಲಿ ವರ್ಷಕ್ಕೆ 3,50,000ಕ್ಕೂ ಹೆಚ್ಚು ಜನರಿಗೆ ಆಸ್ಪತ್ರೆಯ ಹೊರಗೇ ಕಾರ್ಡಿಯಾಕ್ ಅರೆಸ್ಟ್ ಆಗುತ್ತೆ. ಅದರಲ್ಲಿ 10ಕ್ಕೆ ಸುಮಾರು 7 ಆಗೋದು ಮನೆಯಲ್ಲಿ. ಉಳಿಯೋರು 10ಕ್ಕೆ ಒಬ್ಬರು. ಪಕ್ಕದಲ್ಲಿದ್ದವರು ತಕ್ಷಣ ಎದೆ ಒತ್ತೋಕೆ ಶುರು ಮಾಡಿದರೆ ಉಳಿಯೋ ಸಾಧ್ಯತೆ ಎರಡು, ಮೂರು ಪಟ್ಟು ಆಗಬಹುದು.

ಈಗ ನಮ್ಮ ಮನೆಗಳನ್ನ ನೆನೆಸ್ಕೊಳ್ಳಿ. ಅಪ್ಪ-ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿರ್ತಾರೆ. ಮೈಸೂರಿಂದ ಆರು ತಿಂಗಳಿಗೆ ಬಂದಿರೋ ತಾತ, ಅಜ್ಜಿ ಮನೇಲಿ. ಮಧ್ಯಾಹ್ನ ಮೂರೂವರೆಗೆ ಸ್ಕೂಲಿಂದ ಬರೋ ಮಗಳೇ ಆ ಹೊತ್ತಲ್ಲಿ ಮನೇಲಿರೋ ಏಕೈಕ ಸಹಾಯ. ಆಂಬ್ಯುಲೆನ್ಸ್ ಬರೋ ತನಕ ಏನಾದರೂ ಆಗಬೇಕಿದ್ದರೆ ಅದು ಅವಳ ಕೈಯಿಂದಲೇ ಆಗಬೇಕು. 911ರವರು ಫೋನಲ್ಲೇ ಹೇಳಿಕೊಡ್ತಾರೆ, ನಿಜ. ಆದರೆ ಒಂದು ಸಲವಾದರೂ ಬೊಂಬೆ ಮೇಲೆ ಒತ್ತಿ ಅಭ್ಯಾಸ ಇರೋ ಕೈ ಅಷ್ಟು ಹೆದರಲ್ಲ.

ಕಾನೂನು ಬರೆದವರು ಇದನ್ನ ಯೋಚಿಸಿದ್ದಾರೆ. ಬರೀ ವಿಡಿಯೋ ಅಲ್ಲ, ಕೈಯಿಂದ ಮಾಡಿ ಕಲಿಯೋದೂ ಇರಬೇಕು ಅಂದಿದ್ದಾರೆ. ಸರ್ಟಿಫಿಕೇಟ್ ಕಡ್ಡಾಯ ಅಲ್ಲ, ಯಾವ ಕ್ಲಾಸಲ್ಲಾದರೂ ಕಲಿಸಬಹುದು. ಆದರೆ ಎಷ್ಟು ಹೊತ್ತು, ಎಷ್ಟು ಮಕ್ಕಳಿಗೆ ಒಂದು ಬೊಂಬೆ ಅನ್ನೋದಿಲ್ಲ. ಸಮಸ್ಯೆ ಇರೋದು ಇಲ್ಲೇ. ಒಂದು ಕಡೆ ಪ್ರತಿ ಮಗುವೂ ಬೆವರು ಬರೋ ತನಕ ಒತ್ತಬಹುದು. ಇನ್ನೊಂದು ಕಡೆ ಮೂವತ್ತು ಮಕ್ಕಳು ಸಾಲಲ್ಲಿ ನಿಂತು ತಲೆಗೆ ನಾಲ್ಕು ಸಲ ಒತ್ತಿ ಮುಂದೆ ಹೋಗಬಹುದು. ದಾಖಲೆಯಲ್ಲಿ ಎರಡೂ "ಕಲಿಸಲಾಗಿದೆ"!

ಟೀಚರ್‌ಗಳ ಕಷ್ಟವೂ ನಿಜ. ಸರ್ಕಾರ ಪಟ್ಟಿಗೆ ಸೇರಿಸ್ತಾ ಹೋಗುತ್ತೆ, ತೆಗೆಯೋದು ಕಡಿಮೆ. ಆದರೆ ಇದಕ್ಕೆ ಇಡೀ ಸೆಮಿಸ್ಟರ್ ಬೇಡ, ಒಂದು ಪೀರಿಯಡ್ ಸಾಕು. ನನ್ನ ಪ್ರಕಾರ ಆಗಬೇಕಾದ್ದು ಎರಡೇ: ಪ್ರತಿ ಮಗುವೂ ಪೂರ್ತಿ ಎರಡು ನಿಮಿಷ ಒತ್ತಬೇಕು; ಮಿಡ್ಲ್ ಸ್ಕೂಲಲ್ಲಿ ಒಂದು ಸಲ, ಹೈಸ್ಕೂಲಲ್ಲಿ ಇನ್ನೊಂದು ಸಲ. ಅಭ್ಯಾಸ ತಪ್ಪಿದರೆ ಕೆಲವೇ ತಿಂಗಳಲ್ಲಿ ಮರೆತುಹೋಗುತ್ತೆ. ಅದಕ್ಕೇ ನರ್ಸ್‌ಗಳಾದ ನಮಗೂ ಮತ್ತೆ ಮತ್ತೆ ಟ್ರೈನಿಂಗ್ ಕೊಡ್ತಾರೆ.

ಕಾನೂನು ತಿದ್ದುಪಡಿ ಆಗೋವರೆಗೆ ನಾವು ಕಾಯಬೇಕಿಲ್ಲ. ಯಾವ ಗ್ರೇಡಲ್ಲಿ, ಯಾವ ಕ್ಲಾಸಲ್ಲಿ, ಎಷ್ಟು ಬೊಂಬೆ ಇಟ್ಕೊಂಡು ಕಲಿಸ್ತೀರಿ ಅಂತ ಸ್ಕೂಲಿಗೆ ಒಂದು ಇಮೇಲ್ ಹಾಕಿ. ಬೊಂಬೆ ಕಮ್ಮಿ ಇದ್ದರೆ ಪೇರೆಂಟ್ಸ್ ಸೇರಿ ಕೊಡಿಸಬಹುದಾ ಕೇಳಿ. ನಮ್ಮ ಕನ್ನಡ ಸಂಘದವರೂ ರಾಜ್ಯೋತ್ಸವದ ದಿನ ಹಾಲ್‌ನ ಒಂದು ಮೂಲೇಲಿ ನಾಲ್ಕು ಬೊಂಬೆ ಇಡಲಿ. ಕಲಿಸೋಕೆ ನಾನು ಬರ್ತೀನಿ, ಊಟದ ಸಾಲಿಗೆ ಮುಂಚೆ!

ಇವತ್ತು ರಾತ್ರಿ ಮಕ್ಕಳನ್ನ ಕೇಳಿ. ಕಲಿತಿದ್ದರೆ ಸೋಫಾ ದಿಂಬಿನ ಮೇಲೆ ತೋರಿಸಲಿ: ಮೊದಲು 911ಕ್ಕೆ ಫೋನ್, ಎದೆಯ ನಡುಮಧ್ಯ ಎರಡೂ ಕೈ, ದೊಡ್ಡವರಿಗೆ ಕನಿಷ್ಠ 2 ಇಂಚು ಆಳ, ನಿಮಿಷಕ್ಕೆ 100ರಿಂದ 120 ಸಲ. ದಿಂಬಿನ ಮೇಲೆ ಮಾತ್ರ, ತಮ್ಮನ ಮೇಲೆ ಬೇಡ. "ಏನೋ ವಿಡಿಯೋ ತೋರಿಸಿದ್ರು" ಅಂದರೆ ನಾಳೆಯೇ ಆ ಇಮೇಲ್ ಹೋಗಲಿ.

ಮುಂದಿನ ಭಾಗದಲ್ಲಿ ಏರ್‌ಪೋರ್ಟ್, ಮಾಲ್ ಗೋಡೆ ಮೇಲಿರೋ ಎಇಡಿ ಪೆಟ್ಟಿಗೆ ಬಗ್ಗೆ. ಸ್ಕೂಲಿಂದ ಏನು ಉತ್ತರ ಬಂತು ಅಂತ ಕೆಳಗೆ ಬರೀರಿ.